ಪ್ರಿವ್ಯೂ ನೆಟ್ಟಗಿದೆ, ಫ್ರೇಮ್ ಯಾಕೆ ಅಡ್ಡ?

ಆಂಡ್ರಾಯ್ಡ್ ಆ್ಯಪ್‌ನ ಪ್ರಿವ್ಯೂನಲ್ಲಿ ಮುಖ ನೆಟ್ಟಗೆ ಕಾಣುತ್ತೆ, ಅದೇ ಫ್ರೇಮನ್ನು (ಕ್ಯಾಮೆರಾ ಕೊಡುವ ಒಂದೊಂದು ಚಿತ್ರ) ಮುಖ ಹುಡುಕೋ ಗೂಗಲ್‌ನ ಎಂಎಲ್ ಕಿಟ್‌ಗೆ ಕೊಟ್ಟರೆ ಮುಖವೇ ಸಿಗಲ್ಲ, ಸೇವ್ ಮಾಡಿ ನೋಡಿದರೆ ಚಿತ್ರ ಅಡ್ಡ ಮಲಗಿದೆ ಅಂತ ಕೇಳಿದ್ದೀರಿ. ಫೋನ್ ಕೆಟ್ಟಿಲ್ಲ. ಚಿತ್ರ ಹಿಡಿಯೋ ಸೆನ್ಸರ್ ಫೋನಿನ ಒಳಗೆ ಕೂತಿರೋದೇ ಅಡ್ಡಕ್ಕೆ. ಫೋನನ್ನು ಉದ್ದಕ್ಕೆ ಹಿಡಿದರೂ ಅದು ಕೊಡೋದು, ಉದಾಹರಣೆಗೆ, 640 x 480ರ ಅಡ್ಡ ಫ್ರೇಮ್. ಪ್ರಿವ್ಯೂ ಅದನ್ನು ತಿರುಗಿಸಿ ತೋರಿಸುತ್ತದೆ, ನಿಮ್ಮ ಕೋಡ್‌ಗೆ ಬರೋದು ಮಾತ್ರ ಹಸಿ ಫ್ರೇಮ್.

ಮೊದಲ ಸಲ ನಾನು ಸುಮ್ನೆ 90 ಡಿಗ್ರಿ ತಿರುಗಿಸು ಅಂತ ಕೋಡ್‌ನಲ್ಲಿ ಬರೆದು ಕೈ ತೊಳೆದುಕೊಂಡಿದ್ದೆ. ಹಿಂದಿನ ಕ್ಯಾಮೆರಾದಲ್ಲಿ ಸರಿ ಬಂತು. ಸೆಲ್ಫಿ ಕ್ಯಾಮೆರಾ ಆನ್ ಮಾಡಿದೆ, ನನ್ನ ಮುಖ ಬಾವಲಿ ಥರ ತಲೆಕೆಳಗೆ! ಮುಂದಿನ ಸೆನ್ಸರ್ ಸಾಮಾನ್ಯವಾಗಿ 270 ಡಿಗ್ರಿಗೆ ಇರುತ್ತದೆ. ನೆಕ್ಸಸ್ 5ಎಕ್ಸ್ ಫೋನ್‌ನಲ್ಲಂತೂ ಹಿಂದಿನದ್ದೂ 270. ಹಾಗಾಗಿ ಊಹೆ ಬೇಡ, ಫ್ರೇಮನ್ನೇ ಕೇಳಿ. ಆಂಡ್ರಾಯ್ಡ್‌ನ ಕ್ಯಾಮೆರಾ ಲೈಬ್ರರಿ ಕ್ಯಾಮೆರಾಎಕ್ಸ್‌ನಲ್ಲಿ ಪ್ರತಿ ಫ್ರೇಮಿನ ಇಮೇಜ್‌ಇನ್ಫೋ ಒಳಗೆ ರೊಟೇಶನ್‌ಡಿಗ್ರೀಸ್ ಅನ್ನೋ ಸಂಖ್ಯೆ ಇದೆ. ಬಲಕ್ಕೆ ಎಷ್ಟು ತಿರುಗಿಸಬೇಕು ಅನ್ನೋದು ಅದೇ. ಎಂಎಲ್ ಕಿಟ್‌ಗೆ ಕೊಡುವ ಇನ್‌ಪುಟ್‌ಇಮೇಜ್ ಮಾಡುವಾಗ ಆ ಸಂಖ್ಯೆಯನ್ನು ಜೊತೆಗೆ ಕೊಟ್ಟರೆ ಸಾಕು. ಒಂದೊಂದು ಫ್ರೇಮನ್ನೂ ಬಿಟ್‌ಮ್ಯಾಪ್ ಮಾಡಿ ತಿರುಗಿಸುತ್ತಾ ಕೂತರೆ ಫೋನ್ ಬಿಸಿಯಾಗುತ್ತೆ ಅಷ್ಟೇ.

ಆ್ಯಪ್ ಪೋರ್ಟ್ರೇಟ್‌ಗೆ (ಉದ್ದಕ್ಕೆ ಮಾತ್ರ) ಲಾಕ್ ಆಗಿದೆಯಾ? ಹಾಗಿದ್ದರೆ ಬಳಸುವವರು ಫೋನನ್ನು ಅಡ್ಡ ಹಿಡಿದರೂ ಈ ಸಂಖ್ಯೆ ಬದಲಾಗಲ್ಲ. ಆಗ ಫೋನ್ ಎಷ್ಟು ವಾಲಿದೆ ಅಂತ ಹೇಳೋ ಓರಿಯೆಂಟೇಶನ್‌ಈವೆಂಟ್‌ಲಿಸನರ್ ಹಾಕಿ, ಕ್ಯಾಮೆರಾಎಕ್ಸ್‌ನ ಟಾರ್ಗೆಟ್‌ರೊಟೇಶನ್ ನೀವೇ ಬದಲಿಸಬೇಕು. ಇಲ್ಲೊಂದು ತಿರುವುಮುರುವು ಇದೆ: ಲಿಸನರ್ 45ರಿಂದ 135 ಡಿಗ್ರಿ ನಡುವೆ ಹೇಳಿದರೆ ನೀವು ಕೊಡಬೇಕಾದದ್ದು ರೊಟೇಶನ್_270, 90 ಅಲ್ಲ. ಫೋನ್ ಬಲಕ್ಕೆ ವಾಲಿದರೆ ಚಿತ್ರ ಎಡಕ್ಕೆ ತಿರುಗಬೇಕು, ಅಲ್ವಾ? ಇದರಲ್ಲೇ ನನ್ನ ಒಂದು ಇಡೀ ಸಂಜೆ ಹೋಯಿತು.

ಮುಖ ಸಿಕ್ಕ ಮೇಲೂ ಅದರ ಸುತ್ತ ನೀವು ಬರೆಯೋ ಚೌಕ ಎಲ್ಲೋ ಬಿದ್ದರೆ ಎರಡು ಕಡೆ ನೋಡಿ. ಉದ್ದಕ್ಕೆ ಹಿಡಿದಾಗ ಎಂಎಲ್ ಕಿಟ್ ಕೊಡುವ ಜಾಗ ತಿರುಗಿಸಿದ ಚಿತ್ರದ್ದು, ಅಂದರೆ ಅಗಲ 480, ಎತ್ತರ 640. 640ನ್ನೇ ಅಗಲ ಅಂದುಕೊಂಡು ಲೆಕ್ಕ ಹಾಕಿದರೆ ಚೌಕ ಸೊಟ್ಟಗೆ ಎಳೆದುಕೊಳ್ಳುತ್ತದೆ. ಇನ್ನು ಸೆಲ್ಫಿ ಪ್ರಿವ್ಯೂ ಕನ್ನಡಿ ಥರ ತೋರಿಸುತ್ತೆ, ಫ್ರೇಮ್ ಹಾಗಲ್ಲ. ಅದಕ್ಕೆ ಎಕ್ಸ್ (ಎಡ ಅಂಚಿನಿಂದ ಇರೋ ದೂರ) ಬದಲು 480ರಿಂದ ಎಕ್ಸ್ ಕಳೆದು, ಆಮೇಲೆ ಸ್ಕ್ರೀನಿನ ಅಳತೆಗೆ ಹಿಗ್ಗಿಸಿ.

ಕೈಯಲ್ಲಿ ಬಿಳಿ ಹಾಳೆ ಹಿಡಿದು, ಅದರ ಮೇಲೆ ದಪ್ಪಗೆ ‘ಕ’ ಬರೆದು ಟೆಸ್ಟ್ ಮಾಡಿ. ಅಡ್ಡವೋ, ತಲೆಕೆಳಗೋ, ಕನ್ನಡಿಯೋ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತೆ.