ಕುರ್ಚಿಯ ಕೈ ಬಿಡದ ಮೋಟರ್‌ಮನ್

ಇದನ್ನು ಬರೆಯಲು ಆ ಮೋಟರ್‌ಮನ್ ಅವರ ಒಪ್ಪಿಗೆ ಇದೆ. ಹೆಸರು, ವಯಸ್ಸು, ಓಡಿಸುವ ಲೈನು, ಮನೆ ಇರುವ ಜಾಗ ಎಲ್ಲ ಬದಲಿಸಿದ್ದೇನೆ, ಇಲ್ಲವೇ ಬಿಟ್ಟಿದ್ದೇನೆ. ಇಂಥವರು ಸಲಹೆ ಕೇಳಿಕೊಂಡು ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಬಸ್ ಕಂಡಕ್ಟರ್, ಸರ್ಕಾರಿ ಆಸ್ಪತ್ರೆ ನರ್ಸ್, ಕರೆಂಟ್ ಲೈನ್‌ಮನ್. ಇಡೀ ಇಲಾಖೆ ಮೇಲೆ ಜನರಿಗಿರುವ ಸಿಟ್ಟನ್ನು ಇವರೊಬ್ಬರೇ ಹೊತ್ತು ಮನೆಗೆ ಬರುತ್ತಾರೆ. ಅಲ್ಲಿ ಹೆಂಡತಿ ಮಕ್ಕಳ ಮೇಲೆ ಇಳಿಸುತ್ತಾರೆ.

ಇವರು ಮುಂಬೈ ಲೋಕಲ್ ರೈಲು ಓಡಿಸುವ ಮೋಟರ್‌ಮನ್. ಕಲಬುರಗಿ ಕಡೆಯವರು. ಆ ಭಾಗ ಸೋಲಾಪುರ ಡಿವಿಷನ್‌ಗೆ ಸೇರುತ್ತೆ, ಅದು ಮಧ್ಯ ರೈಲ್ವೆಯದ್ದು, ಹಾಗಾಗಿ ಅಲ್ಲಿಂದ ಮುಂಬೈಗೆ ಬಂದ ರೈಲ್ವೆ ಮನೆಗಳು ಇಲ್ಲಿ ಹೊಸದೇನಲ್ಲ. ಅಸಿಸ್ಟೆಂಟ್ ಆಗಿ ಸೇರಿ, ವರ್ಷಗಟ್ಟಲೆ ಗೂಡ್ಸ್ ಗಾಡಿ ಓಡಿಸಿ, ಕಣ್ಣಿನ ಪರೀಕ್ಷೆ, ಸೈಕೋ ಟೆಸ್ಟ್ ಎಲ್ಲ ಪಾಸಾಗಿ, ಲೈನು ಕಲಿತು ಆಮೇಲೆ ಲೋಕಲ್‌ಗೆ ಬಂದವರು. ಕರೆದುಕೊಂಡು ಬಂದದ್ದು ಅವರ ಹೆಂಡತಿ. ರಾತ್ರಿ ನಿದ್ದೆ ಇಲ್ಲ, ಮಗಳ ಜೊತೆ ಮಾತಿಲ್ಲ, ಫೋನ್ ಹಿಡಿದರೆ ಜಗಳ, ಇಷ್ಟು ಅವರ ದೂರು.

ಜಗಳ ಬಿಲ್ಡಿಂಗ್‌ನ ವಾಟ್ಸಾಪ್ ಗ್ರೂಪಿನಲ್ಲಿ. ಲೋಕಲ್ ತಡವಾದ ದಿನ ಅಲ್ಲಿ ಶುರುವಾಗುತ್ತೆ. ಇವರಿಗೆ ಲಕ್ಷ ಲಕ್ಷ ಪಗಾರ ಯಾಕೆ, ಎರಡು ಹ್ಯಾಂಡಲ್ ಹಿಡಿಯೋಕೆ ಏನು ಓದಬೇಕು, ಸ್ಟ್ರೈಕ್ ಮಾಡೋಕೆ ಮಾತ್ರ ಮುಂದೆ. ಇವರು ಒಂದೊಂದಕ್ಕೂ ಉತ್ತರ ಬರೆಯುತ್ತಿದ್ದರು. ರಾತ್ರಿ ಎರಡಕ್ಕೆ, ಮೂರಕ್ಕೆ.

ಇಲ್ಲಿ ನನ್ನದೂ ಒಂದು ಮಾತು ಹೇಳಿಬಿಡುತ್ತೇನೆ. 2010ರ ಮೇ ತಿಂಗಳಲ್ಲಿ ಪಗಾರದ ವಿಷಯಕ್ಕೆ ಮೋಟರ್‌ಮನ್‌ಗಳು ಉಪವಾಸ ಕೂತು, ಎರಡು ದಿನ ಲೋಕಲ್‌ಗಳು ಹೆಚ್ಚುಕಡಿಮೆ ನಿಂತೇ ಹೋಗಿದ್ದವು. ಸರ್ಕಾರ ಎಸ್ಮಾ ಹಾಕಿತು, ಅಂದರೆ ಅಗತ್ಯ ಸೇವೆಗಳಲ್ಲಿ ಮುಷ್ಕರ ತಡೆಯುವ ಕಾನೂನು. ಆ ಬಿಸಿಲಲ್ಲಿ ಮೂರು ಬಸ್ ಬದಲಿಸಿ ಮನೆ ಸೇರಿದವಳು ನಾನು, ದಾರಿಯುದ್ದಕ್ಕೂ ಅವರನ್ನು ಬೈದಿದ್ದೆ. ಜನರ ಸಿಟ್ಟು ಸುಳ್ಳು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಬಾಗಿಲಲ್ಲಿ ಜೋತು ಬಿದ್ದು ಕೆಲಸಕ್ಕೆ ಹೋಗುವವರು, ಕೌಂಟರಿನಲ್ಲಿ ಚಿಲ್ಲರೆಗೆ ಬೈಸಿಕೊಂಡವರು, ಟೀಸಿ ಕೈಗೆ ಸಿಕ್ಕಿ ಹತ್ತು ಜನರ ಮುಂದೆ ಅವಮಾನ ಆದವರು ಸುಮ್ನೆ ಸಿಟ್ಟಾಗುತ್ತಾರಾ? ದಿನಕ್ಕೆ ಲಕ್ಷಾಂತರ ಜನ ಹೀಗೆ ಓಡಾಡುವ ಊರು ಇದು. ಮುಂಬೈ ಲೋಕಲ್ ಹಳಿಗಳ ಮೇಲೆ ವರ್ಷಕ್ಕೆ ಎರಡು ಸಾವಿರಕ್ಕೂ ಜಾಸ್ತಿ ಜನ ಸಾಯುತ್ತಾರೆ. ಹಳಿ ದಾಟುವಾಗ, ಗಾಡಿಯಿಂದ ಬಿದ್ದು. ಸಿಟ್ಟಿಗೆ ಕಾರಣ ಇದೆ. ಆದರೆ ಆ ಸಿಟ್ಟು ಹೋಗಿ ಯಾರ ಮನೆ ಬಾಗಿಲು ತಟ್ಟುತ್ತೆ ಅನ್ನುವುದು ನನ್ನ ಕೆಲಸಕ್ಕೆ ಸಂಬಂಧಪಟ್ಟದ್ದು.

ಮೊದಲ ಎರಡು ಭೇಟಿ ಬರೀ ವಾದದಲ್ಲೇ ಹೋಯಿತು. ಗ್ರೂಪಿನ ಮೆಸೇಜ್‌ಗಳನ್ನು ಓದಿ ಹೇಳುವುದು, ಇದಕ್ಕೆ ಹೀಗೆ ಉತ್ತರ ಕೊಟ್ಟೆ ಅನ್ನುವುದು. ಮೂರನೇ ಭೇಟಿಯಲ್ಲಿ ನಾನು ಮೆಸೇಜ್ ಕೇಳುವುದು ಬಿಟ್ಟು ಅವರ ಕೈ ನೋಡಿದೆ.

ನನ್ನ ಕೋಣೆಯಲ್ಲಿರುವುದು ಮರದ ಕುರ್ಚಿ, ಕೈಗಳಿಗೆ ದುಂಡನೆಯ ತುದಿ ಇದೆ. ಅವರ ಅಂಗೈ ಆ ತುದಿಯ ಮೇಲೆ ಬಲವಾಗಿ ಕೂತಿತ್ತು. ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು. ನೀರು ಕುಡಿಯಲು ಲೋಟ ಎತ್ತಿದ್ದು ಇನ್ನೊಂದು ಕೈಯಲ್ಲಿ. ಮೂಗು ಒರೆಸಿಕೊಂಡದ್ದೂ ಅದೇ ಕೈಯಲ್ಲಿ. ಮುಕ್ಕಾಲು ಗಂಟೆ ಈ ಕೈ ಅಲ್ಲಿಂದ ಕದಲಲಿಲ್ಲ.

"ಏನು ಹಿಡ್ಕೊಂಡಿದ್ದೀರಿ?" ಅಂದೆ.

ಕೆಳಗೆ ನೋಡಿದರು. ತಕ್ಷಣ ಕೈ ತೆಗೆದರು. ಆಮೇಲೆ ಬಹಳ ಹೊತ್ತು ಮಾತಿಲ್ಲ.

ಡೆಡ್‌ಮ್ಯಾನ್ ಹ್ಯಾಂಡಲ್ ಅಂತ ಒಂದು ಇರುತ್ತೆ. ಗಾಡಿ ಓಡುವಷ್ಟು ಹೊತ್ತೂ ಅದನ್ನು ಒತ್ತಿ ಹಿಡಿದೇ ಇರಬೇಕು. ಕೈ ಬಿಟ್ಟರೆ ಓಡಿಸುವವನಿಗೆ ಏನೋ ಆಗಿದೆ ಅಂತ ತಿಳಿದು ಗಾಡಿ ತಾನೇ ಬ್ರೇಕ್ ಹಾಕಿಕೊಳ್ಳುತ್ತೆ. ಲೋಕಲ್‌ನ ಮುಂದಿನ ಕ್ಯಾಬಿನಲ್ಲಿ ಮೋಟರ್‌ಮನ್ ಒಬ್ಬರೇ. ಪಕ್ಕದಲ್ಲಿ ಅಸಿಸ್ಟೆಂಟ್ ಇರುವುದಿಲ್ಲ. ಗಾರ್ಡ್ ಇರುವುದು ಹನ್ನೆರಡು ಡಬ್ಬಿ ಹಿಂದೆ, ಅಲ್ಲಿಂದ ಎರಡು ಸಲ ಗಂಟೆ ಬಡಿದರೆ ಹೊರಡಬೇಕು, ಮುಂದಿನ ಸ್ಟೇಷನ್, ಮತ್ತೆ ಅದೇ. ಕೆಂಪು ಸಿಗ್ನಲ್ ದಾಟಿದರೆ ಕೆಲಸವೇ ಹೋಗಬಹುದು. ಇದನ್ನೆಲ್ಲ ಅವರೇ ಹೇಳಿದ್ದು. ಹೇಳಿ, ಒಂದು ಮಾತು ಸೇರಿಸಿದರು.

"ಪಗಾರ ಎಷ್ಟು ಅಂತ ಎಲ್ಲಾರೂ ಕೇಳ್ತಾರ್ರಿ ಮೇಡಂ. ಹೌದ್ರಿ, ಬರ್ತದ ಅಷ್ಟು. ನಾ ಇಲ್ಲ ಅಂದಿಲ್ಲ. ಆದ್ರ ಆ ಹುಡುಗನ್ನ ಯಾರೂ ಕೇಳಲಿಲ್ಲ."

ಯಾವ ಹುಡುಗ? ಹೆಂಡತಿಗೂ ಗೊತ್ತಿರಲಿಲ್ಲ. ಅವರು ಗಂಡನ ಮುಖವನ್ನೇ ನೋಡುತ್ತಿದ್ದರು.

ಐದು ತಿಂಗಳ ಹಿಂದೆ, ಬೆಳಗಿನ ಫಾಸ್ಟ್ ಲೋಕಲ್. ಹಳಿ ದಾಟುತ್ತಿದ್ದ ಒಬ್ಬ ಹುಡುಗ, ಬೆನ್ನಿಗೆ ನೀಲಿ ಬ್ಯಾಗು. ಹಾರ್ನ್ ಹೊಡೆದರು, ಎಮರ್ಜೆನ್ಸಿ ಬ್ರೇಕ್ ಹಾಕಿದರು. ಆ ವೇಗದ ಗಾಡಿ ನೂರಾರು ಮೀಟರ್ ಹೋಗದೆ ನಿಲ್ಲುವುದಿಲ್ಲ. ಹುಡುಗ ಕೊನೇ ಕ್ಷಣದಲ್ಲಿ ತಿರುಗಿ ನೋಡಿದನಂತೆ. ಗಾಡಿ ನಿಂತ ಮೇಲೆ ಹಿಂದಿನ ಡಬ್ಬಿಯಿಂದ ಕ್ಯಾಬಿನ್ ಗೋಡೆಗೆ ಧಡಧಡ ಬಡಿದರು. ಯಾಕೆ ನಿಲ್ಲಿಸಿದೆ, ಆಫೀಸಿಗೆ ಲೇಟಾಗ್ತಿದೆ, ಹೊರಡು. ಸ್ವಲ್ಪ ಹೊತ್ತಿಗೆ ಹೊರಡಬೇಕಾಯಿತು. ಕೊನೇ ಸ್ಟೇಷನ್ ತನಕ ಅವರೇ ಓಡಿಸಿದರು. ಕೈ ಒತ್ತಿ ಹಿಡಿದುಕೊಂಡೇ.

ಸಂಜೆ ಮನೆಗೆ ಬಂದು ಫೋನ್ ನೋಡಿದರೆ ಗ್ರೂಪಿನಲ್ಲಿ ಎದುರುಮನೆಯವರ ಮೆಸೇಜು. ಬೆಳಿಗ್ಗೆ ಅವರೂ ಅದೇ ಗಾಡಿಯಲ್ಲಿದ್ದರು. "ಮನಸ್ಸು ಬಂದಲ್ಲಿ ಗಾಡಿ ನಿಲ್ಲಿಸ್ತಾರೆ, ಪಗಾರ ಮಾತ್ರ ಪೂರ್ತಿ ತಗೋತಾರೆ." ಇವರು ಅದಕ್ಕೆ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ. ಎದುರುಮನೆಯವರ ತಾಯಿಯನ್ನೂ ಅದರಲ್ಲಿ ಎಳೆದು ತಂದಿದ್ದರು. ಅವತ್ತಿನಿಂದ ಎರಡೂ ಮನೆಗೆ ಮಾತಿಲ್ಲ. ಇವರ ಮಗಳು, ಅವರ ಮಗಳು ಒಂದೇ ಕ್ಲಾಸು.

ಅವರು ನನ್ನ ಹತ್ತಿರ ಬಂದದ್ದು ಎದುರುಮನೆಯವರಿಂದ ಕ್ಷಮೆ ಕೇಳಿಸುವುದು ಹೇಗೆ ಅಂತ ತಿಳಿಯಲು. ನಾನು ಹೇಳಿದ್ದು ಬೇರೆ.

ಮೊದಲಿಗೆ ಡಾಕ್ಟರು. ಐದು ತಿಂಗಳು ನಿದ್ದೆ ಇಲ್ಲದ ಮನುಷ್ಯ, ಕಣ್ಣು ಮುಚ್ಚಿದರೆ ನೀಲಿ ಬ್ಯಾಗು ಕಾಣುತ್ತೆ ಅನ್ನುವ ಮನುಷ್ಯ, ಬೆಳಿಗ್ಗೆ ಸಾವಿರಾರು ಜನರನ್ನು ಹೊತ್ತ ಗಾಡಿ ಓಡಿಸಬಾರದು. ಡ್ಯೂಟಿಗೆ ಮುಂಚೆ ಕುಡಿದಿದ್ದಾರಾ ಅಂತ ಊದಿಸಿ ನೋಡುತ್ತಾರೆ. ನಿದ್ದೆ ಮಾಡಿದ್ದೀರಾ ಅನ್ನುವುದು ಊದಿದರೆ ಗೊತ್ತಾಗಲ್ಲ. ಅದನ್ನು ನೀವೇ ಹೋಗಿ ಹೇಳಬೇಕು ಅಂದೆ. ಅವರಿಗೆ ಹೆದರಿಕೆ. ಮನಸ್ಸಿನ ಕಾಯಿಲೆ ಅಂತ ಕಾಗದದಲ್ಲಿ ಬಂದರೆ ಕ್ಯಾಬಿನಿಂದ ಇಳಿಸುತ್ತಾರೆ, ಕಿಲೋಮೀಟರ್ ಲೆಕ್ಕದಲ್ಲಿ ಬರುವ ಭತ್ಯೆ ಹೋಗುತ್ತೆ, ಮನೆ ಸಾಲ ಇದೆ. ಈ ಹೆದರಿಕೆ ಸುಳ್ಳಲ್ಲ. ನಾನು ಅವರ ಮೇಲಿನವರಲ್ಲ, ಭರವಸೆ ಕೊಡಲು ಆಗಲಿಲ್ಲ. ಆದರೂ ಹೋಗಿ ಅಂದೆ. ಹೆಂಡತಿಯ ಮುಂದೆಯೇ ಅಂದೆ, ಮನೆಯಲ್ಲಿ ಒಬ್ಬರಿಗಾದರೂ ಇದು ಗೊತ್ತಿರಲಿ ಅಂತ.

ಎರಡನೆಯದು, ಗ್ರೂಪಿನಲ್ಲಿ ರೈಲ್ವೆ ಪರವಾಗಿ ಉತ್ತರ ಕೊಡುವುದು ನಿಲ್ಲಿಸಿ. ಟೀಸಿ ಮಾಡಿದ್ದಕ್ಕೂ ನೀವು, ಕೌಂಟರಿನವರ ಮಾತಿಗೂ ನೀವು, ಟೈಮ್‌ಟೇಬಲ್‌ಗೂ ನೀವೇ ಜವಾಬು ಹೇಳುತ್ತಾ ಹೋದರೆ ಉಳಿಯುವುದೇನು? ನಿಮ್ಮ ಕ್ಯಾಬಿನಿಗೆ ಮಾತ್ರ ನೀವು.

ಮೂರನೆಯದು ಅವರಿಗೆ ಬಹಳ ಕಷ್ಟ ಆಯಿತು. ಎದುರುಮನೆಗೆ ಹೋಗಿ, ತಾಯಿಯ ಬಗ್ಗೆ ಆಡಿದ ಮಾತಿಗೆ ಕ್ಷಮೆ ಕೇಳಿ. ಅಷ್ಟಕ್ಕೆ ಮಾತ್ರ. ಗಾಡಿ ನಿಲ್ಲಿಸಿದ್ದಕ್ಕೆ ಅಲ್ಲ, ಪಗಾರಕ್ಕೆ ಅಲ್ಲ.

ಇದನ್ನು ಕೇಳಿ ನನ್ನ ಜೊತೆ ಕೆಲಸ ಮಾಡುವ ಒಬ್ಬರು, ನೊಂದವರ ಕೈಯಲ್ಲೇ ಕ್ಷಮೆ ಕೇಳಿಸ್ತೀರಲ್ಲ ಅಂತ ನೇರವಾಗಿ ಆಕ್ಷೇಪ ಮಾಡಿದರು. ಯೋಚನೆ ಮಾಡಿದ್ದೇನೆ. ಈಗಲೂ ಅದೇ ಹೇಳುತ್ತೇನೆ. ಎದುರುಮನೆಯವರ ಬಾಯಿ ಇವರ ಕೈಯಲ್ಲಿಲ್ಲ. ಅವರು ಕ್ಷಮೆ ಕೇಳುವ ತನಕ ಇವರು ನಿದ್ದೆ ಮಾಡುವ ಹಾಗಿಲ್ಲ ಅಂದರೆ, ಇವರ ನಿದ್ದೆಯ ಬೀಗದ ಕೈ ಎದುರುಮನೆಯವರ ಜೇಬಿಗೆ ಹಾಕಿದ ಹಾಗೆ. ಜೊತೆಗೆ ಆ ಬೈಗುಳ ನಿಜವಾಗಿಯೂ ತಪ್ಪೇ. ನೋವಾಗಿತ್ತು ಅನ್ನುವುದು ಕಾರಣ, ಸರಿ. ಆದರೆ ಆ ತಾಯಿ ಏನು ಮಾಡಿದ್ದರು? ಜನರಿಂದ ಬೈಸಿಕೊಳ್ಳುವ ನೌಕರರಿಗೆ ನಾನು ಯಾವಾಗಲೂ ಹೇಳುವುದು ಇದನ್ನೇ: ನಿಮ್ಮ ಮೇಲೆ ಹತ್ತು ದೂರು ಬಂದರೆ ಅದರಲ್ಲಿ ನಿಜವಾದ ಒಂದನ್ನು ಹುಡುಕಿ ಒಪ್ಪಿಕೊಳ್ಳಿ. ಉಳಿದ ಒಂಬತ್ತನ್ನು ಇದು ನನ್ನದಲ್ಲ ಅಂತ ಕೆಳಗಿಡಲು ಆಗ ಧೈರ್ಯ ಬರುತ್ತೆ.

ಓದುವವರಿಗೂ ಒಂದು ಕೇಳಿಕೆ ಇದೆ. ಲೋಕಲ್ ಕಾರಣ ಇಲ್ಲದೆ ನಿಂತಿದೆ ಅನ್ನಿಸಿದಾಗ ದಯವಿಟ್ಟು ಕ್ಯಾಬಿನ್ ಗೋಡೆ ಬಡಿಯಬೇಡಿ. ದೂರು ಕೊಡಿ, ಖಂಡಿತ ಕೊಡಿ, ಗಾಡಿ ನಂಬರು, ಹೊತ್ತು ಬರೆದು ಕೊಡಿ. ಆದರೆ ಆ ಗೋಡೆಯ ಆಚೆ ಇರುವವರು ಅದೇ ತಾನೇ ಏನು ನೋಡಿದ್ದಾರೋ ನಿಮಗೆ ಗೊತ್ತಿರುವುದಿಲ್ಲ, ಅಲ್ವಾ?

ಅವರು ಡಾಕ್ಟರ ಹತ್ತಿರ ಹೋದರು. ಈಗ ಕೆಲವು ವಾರ ಗಾಡಿ ಓಡಿಸುತ್ತಿಲ್ಲ, ಪಗಾರ ಕಡಿಮೆ ಆಗಿದೆ, ಅದರ ಬೇಸರ ಇದೆ. ಔಷಧಿಯಿಂದ ನಿದ್ದೆ ಬರುತ್ತಿದೆ. ಗ್ರೂಪಿನಲ್ಲಿ ಎರಡು ಸಲ ತಡೆಯಲಾಗದೆ ಬರೆದೆ ಅಂತ ಅವರೇ ಒಪ್ಪಿಕೊಂಡರು.

ಎದುರುಮನೆಗೆ ಹೋದದ್ದು ಒಂದು ಭಾನುವಾರ. ಬಾಗಿಲನ್ನು ಅರ್ಧ ಮಾತ್ರ ತೆಗೆದರಂತೆ. ಒಳಗೆ ಬನ್ನಿ ಅನ್ನಲಿಲ್ಲ. ಇವರು ಕಲಿತುಕೊಂಡು ಹೋದ ಎರಡು ಮಾತು ಹೇಳಿ ಹೊರಟರು. ಗಾಡಿ ಯಾಕೆ ನಿಂತಿತ್ತು ಅನ್ನುವುದು ಆಮೇಲೆ ಎದುರುಮನೆಯವರಿಗೂ ಹೇಗೋ ಗೊತ್ತಾಗಿತ್ತು ಅಂತ ಕಾಣುತ್ತೆ. ಲಿಫ್ಟಿನ ಹತ್ತಿರ ಬಂದಾಗ ಹಿಂದಿನಿಂದ ಕೇಳಿದರಂತೆ, "ಆ ಹುಡುಗನಿಗೆ ಎಷ್ಟು ವಯಸ್ಸು?"

"ಏನಂದ್ರಿ?" ಅಂತ ಕೇಳಿದೆ.

"ನಮ್ಮ ಹುಡುಗೀರ ವಯಸ್ಸಽ ಇರಬೇಕು ಅಂದೆ ಮೇಡಂ. ಆಮ್ಯಾಲ ಇಬ್ಬರೂ ಅಲ್ಲೇ ನಿಂತ್ವಿ. ಲಿಫ್ಟ್ ಬಂದು ಹೋತು."