ಇಂಗ್ಲೆಂಡಿನ ಯೂನಿವರ್ಸಿಟಿಯಲ್ಲಿ ವೆಲ್ಫೇರ್ ಆಫೀಸರ್ ಚುನಾವಣೆಗೆ ನಿಲ್ಲಬಹುದಾ?

ಇಲ್ಲಿ ಮಾಸ್ಟರ್ಸ್ ಓದಲು ಬಂದು ಐದು ತಿಂಗಳಾಗಿದೆ, ಪರಿಚಯದವರು ಕಡಿಮೆ, ಸ್ಟೇಜ್ ಹತ್ತಿ ಇಂಗ್ಲಿಷ್ ಮಾತಾಡಲು ಅಳುಕು, ಆದರೂ ಸ್ಟೂಡೆಂಟ್ಸ್ ಯೂನಿಯನ್ನಿನಲ್ಲಿ ವಿದ್ಯಾರ್ಥಿಗಳ ಕಷ್ಟಸುಖ ನೋಡಿಕೊಳ್ಳುವ ವೆಲ್ಫೇರ್ ಆಫೀಸರ್ ಹುದ್ದೆಗೆ ನಿಲ್ಲುವ ಆಸೆ ಇದೆ ಅಂದಿದ್ದೀರಿ. ಖಂಡಿತ ನಿಲ್ಲಿ. ನಾನೂ ಹಾಸನದಿಂದ ಬಂದ ಐದೇ ತಿಂಗಳಿಗೆ ನಿಂತವಳು. ಅಲ್ಲಿಯವರೆಗೆ ಕಾಲೇಜು ಚುನಾವಣೆಯನ್ನು ಕಣ್ಣಿಂದ ನೋಡಿರಲಿಲ್ಲ. ಕರ್ನಾಟಕದಲ್ಲಿ ಅದು ನಿಂತು ಮೂವತ್ತು ವರ್ಷದ ಮೇಲಾಯಿತು, ಅಲ್ವಾ?

ನನ್ನನ್ನು ನಿಲ್ಲುವಂತೆ ಮಾಡಿದ್ದು ಹಾಸ್ಟೆಲಿನ ಅಡುಗೆಮನೆ. ಒಂದು ರಾತ್ರಿ ಹನ್ನೊಂದಕ್ಕೆ ಪಕ್ಕದ ರೂಮಿನ ಹುಡುಗಿ ಸಿಂಕಿನ ಮುಂದೆ ಅಕ್ಕಿ ತೊಳೆಯುತ್ತಾ ನಿಂತಿದ್ದಳು. ನೀರು ತಿಳಿಯಾಗಿ ಎಷ್ಟೋ ಹೊತ್ತಾಗಿತ್ತು, ಅವಳು ತೊಳೆಯುತ್ತಲೇ ಇದ್ದಳು. ಏನಾಯ್ತು ಅಂತ ಕೇಳಿದೆ. ಬಾಡಿಗೆ ಮನೆ ಸಿಕ್ಕಿತ್ತು. ಆದರೆ ಬ್ರಿಟನ್ನಿನಲ್ಲೇ ಇರುವ ಯಾರಾದರೂ ಜಾಮೀನು ಹಾಕಬೇಕು, ಇಲ್ಲದಿದ್ದರೆ ಆರು ತಿಂಗಳ ಬಾಡಿಗೆ ಒಟ್ಟಿಗೆ ಕಟ್ಟಬೇಕು ಅಂದಿದ್ದನಂತೆ ಏಜೆಂಟ್. ಅವಳ ಹತ್ತಿರ ಎರಡೂ ಇರಲಿಲ್ಲ.

ಮರುದಿನದಿಂದ ಒಂದೊಂದು ಮಹಡಿಯ ಅಡುಗೆಮನೆಗೂ ಹೋಗಿ ಕೇಳಿದೆ. ಇದೇ ಪೇಚಿನಲ್ಲಿ ಇನ್ನೂ ಏಳು ಜನ ಸಿಕ್ಕರು. ಆಗಲೇ ಕೆಲವು ಯೂನಿವರ್ಸಿಟಿಗಳು ತಮ್ಮ ವಿದ್ಯಾರ್ಥಿಗಳಿಗೆ ತಾವೇ ಜಾಮೀನು ನಿಲ್ಲುತ್ತಿದ್ದವು. ನಮ್ಮಲ್ಲೂ ಅದು ಬರಬೇಕು ಅನ್ನುವುದೇ ನನ್ನ ಮ್ಯಾನಿಫೆಸ್ಟೊದ ಮೊದಲ ಸಾಲಾಯಿತು. ಅಭ್ಯರ್ಥಿಗಳೆಲ್ಲ ಮಾತಾಡುವ ಹಸ್ಟಿಂಗ್ಸ್ ದಿನ ನನಗೆ ಸಿಕ್ಕಿದ್ದು ಎರಡು ನಿಮಿಷ. ಹೆಸರು ಹೇಳದೆ ಆ ಅಕ್ಕಿಯ ವಿಷಯ ಹೇಳಿದೆ. ಇಂಗ್ಲಿಷ್ ಅಲ್ಲಲ್ಲಿ ತಡವರಿಸಿತು, ಆದರೆ ಜನ ಕೇಳಿಸಿಕೊಂಡರು. ನೀವೂ ಹತ್ತು ಭರವಸೆ ಪಟ್ಟಿ ಮಾಡಬೇಡಿ. ಕಣ್ಣಾರೆ ಕಂಡ ಒಂದು ಕಷ್ಟ ಹಿಡಿದುಕೊಳ್ಳಿ.

ಎಣಿಕೆ ಹೇಗೆ ನಡೆಯುತ್ತದೆ ಅಂತ ಮೊದಲೇ ತಿಳಿದುಕೊಳ್ಳಿ. ಹೆಚ್ಚಿನ ಕಡೆ ಹೆಸರುಗಳ ಮುಂದೆ ಒಂದು, ಎರಡು, ಮೂರು ಅಂತ ಬರೆಯುವ ಪದ್ಧತಿ. ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬರದಿದ್ದರೆ ಕೊನೆಯವರನ್ನು ತೆಗೆದು, ಅವರ ವೋಟುಗಳನ್ನು ಮುಂದಿನ ಆಯ್ಕೆಗೆ ಸೇರಿಸುತ್ತಾರೆ. ಮೊದಲ ಸುತ್ತಿನಲ್ಲಿ ನಾನು ಎರಡನೆಯವಳು, ಗೆದ್ದಿದ್ದು ಮೂರನೇ ಸುತ್ತಿನಲ್ಲಿ. ಹಾಗಾಗಿ 'ನನ್ನ ವೋಟು ಗೆಳೆಯನಿಗೆ' ಅಂದವರ ಹತ್ತಿರ ಸುಮ್ನೆ ವಾಪಸ್ ಬರಬೇಡಿ. ಎರಡನೆಯದನ್ನು ನನಗೆ ಕೊಡಿ ಅಂತ ಕೇಳಿ.

ಗೆದ್ದ ಮೇಲಿನ ಕೆಲಸ ಕೌನ್ಸೆಲಿಂಗ್ ಅಲ್ಲ. ಅಳುತ್ತಾ ಬಂದವರ ಜೊತೆ ಸ್ವಲ್ಪ ಹೊತ್ತು ಕೂರಬೇಕು, ಸಲಹಾ ಕೇಂದ್ರದವರೆಗೆ ಜೊತೆಗೆ ನಡೆಯಬೇಕು, ಆಮೇಲೆ ಮೀಟಿಂಗಿನಲ್ಲಿ ಆ ಕಷ್ಟಕ್ಕಾಗಿ ಪಟ್ಟು ಹಿಡಿಯಬೇಕು. ಜಾಮೀನಿನ ವಿಷಯ ಒಂದೇ ನಾಲ್ಕು ಮೀಟಿಂಗ್ ತೆಗೆದುಕೊಂಡಿತು.

ವೀಸಾ ಬಗ್ಗೆ ಹೆದರಬೇಡಿ. ಸ್ಟೂಡೆಂಟ್ ವೀಸಾದವರು ಯೂನಿಯನ್ನಿನ ಪೂರ್ಣಾವಧಿ ಸಬ್ಬಾಟಿಕಲ್ ಹುದ್ದೆಯಲ್ಲಿ, ಅಂದರೆ ಚುನಾವಣೆ ಗೆದ್ದು, ಓದಿಗೆ ಬಿಡುವು ಕೊಟ್ಟು ಅಥವಾ ಓದು ಮುಗಿಸಿ ಮಾಡುವ ಹುದ್ದೆಯಲ್ಲಿ, ಕೆಲಸ ಮಾಡಬಹುದು, ವಾರಕ್ಕೆ 20 ಗಂಟೆಯ ಮಿತಿ ಅದಕ್ಕಿಲ್ಲ. ಸಂಬಳವಿದೆ. 1994ರ ಶಿಕ್ಷಣ ಕಾನೂನಿನ ಪ್ರಕಾರ ಇಂಥ ಹುದ್ದೆಯಲ್ಲಿ ಒಟ್ಟು ಎರಡು ವರ್ಷಕ್ಕಿಂತ ಹೆಚ್ಚು ಇರುವಂತಿಲ್ಲ. ತೊಡಕು ಬೇರೆ ಕಡೆ ಇದೆ: ಹುದ್ದೆ ಸಾಮಾನ್ಯವಾಗಿ ಬೇಸಿಗೆಯಲ್ಲೇ ಶುರುವಾಗುತ್ತದೆ, ನಿಮ್ಮ ಡಿಸರ್ಟೇಷನ್ ಮುಗಿಯುವುದು ಸೆಪ್ಟೆಂಬರಿಗೆ. ನಾಮಪತ್ರ ಹಾಕುವ ಮೊದಲೇ ಗೈಡ್ ಹತ್ತಿರವೂ ಇಂಟರ್‌ನ್ಯಾಷನಲ್ ಆಫೀಸಿನಲ್ಲೂ ಮಾತಾಡಿ.

ಮ್ಯಾನಿಫೆಸ್ಟೊ ಬರೆದ ಮೇಲೆ ಇಲ್ಲೇ ಹಾಕಿ, ಓದಿ ಹೇಳುತ್ತೇನೆ.