‘ಸೆಟ್’ ಎಂಬ ಪುಟ್ಟ ಪದ: ವಿರಾಜಪೇಟೆಯಿಂದ ಹೊರಟವರಿಗೆ ಒಂದು ಉತ್ತರ

ವಿರಾಜಪೇಟೆಯಿಂದ ಉತ್ತರ ಇಂಗ್ಲೆಂಡಿನ ಆಸ್ಪತ್ರೆಯೊಂದಕ್ಕೆ ದಾದಿಯಾಗಿ ಹೊರಟಿರುವ ನೀವು ಕೇಳಿರುವುದು ಎರಡು ಪ್ರಶ್ನೆ. ಪರೀಕ್ಷೆಯಲ್ಲಿ ಬೇಕಾದ ಅಂಕ ಬಂದಿದೆ, ಆದರೂ ಇಲ್ಲಿಯ ದಿನನಿತ್ಯದ ಮಾತಿಗೆ ನಿಮ್ಮ ಇಂಗ್ಲಿಷ್ ಸಾಕಾಗುತ್ತದೆಯೇ ಎಂಬುದು ಮೊದಲನೆಯದು. ‘ಸೆಟ್’ ಎಂಬ ಪುಟ್ಟ ಪದಕ್ಕೆ ನಿಘಂಟಿನಲ್ಲಿ ಪುಟಗಟ್ಟಲೆ ಅರ್ಥಗಳನ್ನೂ ಅದರ ಪಕ್ಕದಲ್ಲಿ ಸಮಾನಾರ್ಥಕಗಳ ಉದ್ದನೆಯ ಸಾಲನ್ನೂ ಕಂಡು ಗಾಬರಿಯಾಗಿದೆ, ಹೊರಡುವ ಮುಂಚೆ ಇವನ್ನೆಲ್ಲ ಬಾಯಿಪಾಠ ಮಾಡಬೇಕೆ ಎಂಬುದು ಎರಡನೆಯದು. ಸೋಮವಾರಪೇಟೆಯ ಕಡೆಯಿಂದ ಬಂದು ಇಲ್ಲಿಯೇ ನೆಲೆನಿಂತು, ನೀವು ಸೇರಲಿರುವಂಥ ವಾರ್ಡುಗಳಲ್ಲಿಯೇ ದುಡಿದವಳಾಗಿ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಮೊದಲನೆಯದಕ್ಕೆ ಉತ್ತರವೂ ಅದರೊಳಗೇ ಸಿಗುತ್ತದೆ. ದಯವಿಟ್ಟು ಬಾಯಿಪಾಠ ಮಾಡಬೇಡಿ.

ನಿಮ್ಮ ಗಾಬರಿ ಅಕಾರಣವಾದುದೇನಲ್ಲ. 1989ರಲ್ಲಿ ಹೊರಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದವಾದ ನಮೂದು ಇದೇ ಕ್ರಿಯಾಪದದ್ದಾಗಿತ್ತು: 430 ಅರ್ಥಗಳು, ಸುಮಾರು 60,000 ಪದಗಳ ವಿವರಣೆ. ಮೂರನೆಯ ಆವೃತ್ತಿಯ ಪರಿಷ್ಕರಣೆಯಲ್ಲಿ ‘ರನ್’ ಎಂಬ ಕ್ರಿಯಾಪದ 645 ಅರ್ಥಗಳೊಂದಿಗೆ ಅದನ್ನು ಹಿಂದೆ ಹಾಕಿದೆ. ಆದರೆ ಆ ನಿಘಂಟು ಭಾಷೆಯ ಸಾವಿರ ವರ್ಷಗಳ ದಾಖಲೆ. ಅದರಲ್ಲಿ ಎಂದೋ ಬಳಕೆ ತಪ್ಪಿದ ಅರ್ಥಗಳಿವೆ, ಒಂದೊಂದು ಕಸುಬಿನವರಿಗೆ ಮಾತ್ರ ಬೇಕಾದ ಅರ್ಥಗಳೂ ಇವೆ. ಇಲ್ಲಿ ಹುಟ್ಟಿ ಬೆಳೆದವರು ಯಾರೂ ಆ ಪಟ್ಟಿಯನ್ನು ಕಲಿತು ಮಾತನಾಡುತ್ತಿಲ್ಲ. ಅವರ ಮನಸ್ಸಿನಲ್ಲಿರುವುದು ಒಂದು ಮೂಲಭಾವ, ಮತ್ತು ಅದು ಯಾವ ಸನ್ನಿವೇಶದಲ್ಲಿ ಯಾವ ಕಡೆಗೆ ತಿರುಗುತ್ತದೆ ಎಂಬ ರೂಢಿ. ಆ ಮೂಲಭಾವ ಕನ್ನಡ ಬಲ್ಲವರಿಗೆ ಹೊಸದಲ್ಲ ಎಂಬುದೇ ನಾನು ನಿಮಗೆ ಮುಖ್ಯವಾಗಿ ಹೇಳಬೇಕಾದದ್ದು.

ಹಳೆಯ ಇಂಗ್ಲಿಷಿನಲ್ಲಿ ‘ಸಿಟ್ಟನ್’ ಎಂದರೆ ಕೂರು, ‘ಸೆಟ್ಟನ್’ ಎಂದರೆ ಕೂರಿಸು. ಇಂದಿನ ‘ಸಿಟ್’ ಮತ್ತು ‘ಸೆಟ್’ ಇವುಗಳಿಂದಲೇ ಬಂದವು. ನಾವು ‘ಕೂರು’ ಎಂಬುದಕ್ಕೆ ‘ಇಸು’ ಹಚ್ಚಿ ‘ಕೂರಿಸು’ ಮಾಡಿಕೊಂಡಂತೆಯೇ ಅವರು ಸ್ವರ ಬದಲಿಸಿ ಮಾಡಿಕೊಂಡಿದ್ದಾರೆ. ಈಗ ನಮ್ಮ ‘ಕೂರಿಸು’ ಎಲ್ಲೆಲ್ಲಿ ಹೋಗುತ್ತದೆ ನೋಡಿ. ಉಂಗುರಕ್ಕೆ ಹರಳು ಕೂರಿಸುತ್ತೇವೆ, ಅಲ್ಲಿ ಇಂಗ್ಲಿಷಿನವರು ‘ಸೆಟ್’ ಎನ್ನುತ್ತಾರೆ. ಜಾರಿದ ಮೂಳೆಯನ್ನು ಕೂರಿಸುತ್ತೇವೆ, ಅದೂ ‘ಸೆಟ್’. ಕೋಳಿಯನ್ನು ಕಾವಿಗೆ ಕೂರಿಸುತ್ತೇವೆ, ಇಂಗ್ಲಿಷ್ ಹಳ್ಳಿಗರ ಮಾತಿನಲ್ಲಿ ಅದೂ ‘ಸೆಟ್’ ಎಂಬುದೇ. ಸೂರ್ಯ ಮುಳುಗುವುದಕ್ಕೆ ಅವರು ಬಳಸುವ ‘ಸೆಟ್’ ಕೂಡ ಕೆಳಗಿಳಿದು ಕೂರುವ ಭಾವದ್ದೇ. ಮಡಿಕೇರಿಯ ರಾಜಾಸೀಟಿನಲ್ಲಿ ಸಂಜೆ ಜನ ಸೇರುವುದು ಸನ್‌ಸೆಟ್ ನೋಡಲು ಎಂದು ನಾವು ಸಲೀಸಾಗಿ ಹೇಳುತ್ತೇವಲ್ಲ, ಆ ‘ಸೀಟ್’ ಎಂಬ ಪದವೂ ಇದೇ ಬೇರಿನದು. ಮೊಸರು ಹೆಪ್ಪುಗಟ್ಟುವುದು, ಕೈಗೆ ಹಾಕಿದ ಪ್ಲಾಸ್ಟರ್ ಗಟ್ಟಿಯಾಗುವುದು, ಗಾರೆ ಬಿಗಿಯುವುದು, ಇವೆಲ್ಲ ಅಲುಗಾಡುತ್ತಿದ್ದುದು ಅಲುಗದೆ ಕೂತುಬಿಡುವ ಕ್ರಿಯೆಗಳು. ಇವಕ್ಕೆಲ್ಲ ಒಂದೇ ‘ಸೆಟ್’ ಸಾಕಾಗುವುದರಲ್ಲಿ ಆಶ್ಚರ್ಯವಿಲ್ಲ. ಹೂಮಳೆ ಬಿದ್ದು ಕಾಫಿ ಅರಳಿದ ಮೇಲೆ ನಮ್ಮ ತೋಟದವರು ಕಾಯಿ ಕಚ್ಚಿತೋ ಇಲ್ಲವೋ ಎಂದು ನೋಡುತ್ತಾರಲ್ಲ, ಅದನ್ನೇ ಕೃಷಿ ವಿಜ್ಞಾನದವರು ‘ಫ್ರೂಟ್ ಸೆಟ್’ ಎನ್ನುತ್ತಾರೆ. ನಿಮ್ಮ ಮನೆಯವರಿಗೆ ತೋಟವಿದ್ದರೆ ಈ ಪದವನ್ನು ನೀವು ಆಗಲೇ ಕೇಳಿರುತ್ತೀರಿ.

ಇದರ ಜೊತೆಗೆ ನಮ್ಮ ‘ಇಡು’ ಎಂಬ ಕ್ರಿಯಾಪದವನ್ನೂ ನೆನಪಿನಲ್ಲಿಟ್ಟುಕೊಳ್ಳಿ. ಬೆಂಕಿ ಇಡುವುದು, ಕಾಲಿಡುವುದು, ಎರಡಕ್ಕೂ ಇಂಗ್ಲಿಷಿನಲ್ಲಿ ‘ಸೆಟ್’ ಬಳಸಿದ ನುಡಿಗಟ್ಟುಗಳೇ ಇವೆ. ಆದರೆ ಮೊಟ್ಟೆ ಇಡುವುದಕ್ಕೆ ಅವರು ‘ಲೇ’ ಎನ್ನುತ್ತಾರೆ, ಹೆಸರಿಡುವುದಕ್ಕೆ ಬೇರೆಯೇ ಕ್ರಿಯಾಪದವಿದೆ. ‘ಕಣ್ಣಿಡು’ ಎಂಬಲ್ಲಿ ಮಾತ್ರ ಎಚ್ಚರಿಕೆ ಬೇಕು. ನಮ್ಮಲ್ಲಿ ಒಬ್ಬರ ಆಸ್ತಿಯ ಮೇಲೆ ಕಣ್ಣಿಟ್ಟರೆ ಆಸೆಯ ಅರ್ಥ ಬರುತ್ತದೆ, ಮಗುವಿನ ಮೇಲೆ ಕಣ್ಣಿಟ್ಟರೆ ಕಾವಲಿನ ಅರ್ಥ ಬರುತ್ತದೆ. ಇಂಗ್ಲಿಷಿನ ‘ಸೆಟ್ ಐಸ್ ಆನ್’ ಎಂಬುದಕ್ಕೆ ಸುಮ್ಮನೆ ಕಣ್ಣಿಗೆ ಬೀಳುವುದು, ಮೊದಲ ಬಾರಿ ಕಾಣುವುದು ಎಂದಷ್ಟೇ ಅರ್ಥ. ಹೀಗೆ ಎರಡು ಭಾಷೆಗಳು ಬಹುದೂರ ಜೊತೆಗೆ ನಡೆದು ಒಂದು ತಿರುವಿನಲ್ಲಿ ಅಗಲುತ್ತವೆ. ಬಾಯಿಪಾಠಕ್ಕೆ ವ್ಯಯಿಸುವ ಶ್ರಮವನ್ನು ಈ ಅಗಲುವ ತಿರುವುಗಳನ್ನು ಗುರುತಿಸುವುದಕ್ಕೆ ವ್ಯಯಿಸಿದರೆ ಹೆಚ್ಚು ಫಲ ಸಿಗುತ್ತದೆ.

ನಿಜವಾದ ತೊಡಕು ಪದದಲ್ಲಿಲ್ಲ, ಅದರ ಬೆನ್ನಿಗೆ ಬರುವ ಚಿಕ್ಕ ಪದಗಳಲ್ಲಿದೆ. ಇನ್, ಆಫ್, ಅಪ್, ಔಟ್, ಬ್ಯಾಕ್, ಅಸೈಡ್ ಎಂಬಿವು ‘ಸೆಟ್’ ಜೊತೆ ಸೇರಿದಾಗ ಅರ್ಥ ಪೂರ್ತಿ ಬದಲಾಗುತ್ತದೆ. ಪರೀಕ್ಷೆಯ ಇಂಗ್ಲಿಷಿನಲ್ಲಿ ಇವು ಅಷ್ಟಾಗಿ ಕಿವಿಗೆ ಬೀಳುವುದಿಲ್ಲ, ವಾರ್ಡಿನಲ್ಲಿ ಗಂಟೆಗೊಮ್ಮೆ ಬೀಳುತ್ತವೆ. ‘ಸೆಟ್ ಇನ್’ ಎಂದರೆ ಬಂದು ನೆಲೆಯೂರುವುದು, ಸುಲಭವಾಗಿ ಬಿಟ್ಟುಹೋಗದಂತೆ ಹಿಡಿದುಕೊಳ್ಳುವುದು. ಜೂನ್ ಕಳೆದ ಮೇಲೆ ನಾಪೋಕ್ಲು, ಭಾಗಮಂಡಲದ ಕಡೆ ‘ಮಳೆ ಹಿಡಿಯಿತು’ ಎನ್ನುವಾಗ ನಮಗೆ ಯಾವ ಭಾವ ಮೂಡುತ್ತದೆಯೋ ಅದೇ ಭಾವದಲ್ಲಿ ಇಲ್ಲಿಯವರು ಮಳೆಯ ಬಗ್ಗೆ ಇದನ್ನು ಹೇಳುತ್ತಾರೆ, ಗಾಯಕ್ಕೆ ಸೋಂಕು ಹಿಡಿಯಿತು ಎನ್ನುವಾಗಲೂ ಹೇಳುತ್ತಾರೆ. ‘ಸೆಟ್ ಆಫ್’ ಎಂಬುದಕ್ಕೆ ಎರಡು ದಾರಿಗಳಿವೆ. ಮನೆಯಿಂದ ಹೊರಡುವುದು ಒಂದು. ಏನನ್ನೋ ಕೆರಳಿಸಿ ಶುರುಮಾಡುವುದು ಇನ್ನೊಂದು. ವೈದ್ಯರು ರೋಗಿಯನ್ನು ‘ವಾಟ್ ಸೆಟ್ ಇಟ್ ಆಫ್’ ಎಂದು ಕೇಳಿದರೆ, ಕೆಮ್ಮು ಅಥವಾ ನೋವು ಯಾವುದರಿಂದ ಕೆರಳಿತು ಎಂದು ಕೇಳುತ್ತಿದ್ದಾರೆ ಎಂದು ತಿಳಿಯಬೇಕು. ಬಾಡಿಗೆ ಮನೆಯಲ್ಲಿ ಸಾಸಿವೆ, ಒಣಮೆಣಸಿನ ಒಗ್ಗರಣೆ ಹಾಕಿದಾಗ ಹೊಗೆಯ ಅಲಾರಂ ಕೂಗಿಕೊಂಡರೆ ಅದಕ್ಕೂ ಇದೇ ಮಾತು. ‘ಸೆಟ್ ಬ್ಯಾಕ್’ ಎಂದರೆ ಹಿನ್ನಡೆ; ಆದರೆ ಅಂಗಡಿಯಲ್ಲಿ ಒಂದು ಕೋಟು ನಿಮ್ಮನ್ನು ಇಷ್ಟು ಪೌಂಡ್ ‘ಸೆಟ್ ಬ್ಯಾಕ್’ ಮಾಡುತ್ತದೆ ಎಂದರೆ ಅಷ್ಟು ಬೆಲೆಯಾಗುತ್ತದೆ ಎಂದರ್ಥ. ಉಳಿದವು ಕೇಳುತ್ತ ಕೇಳುತ್ತ ತಿಳಿಯುತ್ತವೆ.

ವಾರ್ಡಿನ ನಾಮಪದಗಳ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳುವುದು ನನ್ನ ಕರ್ತವ್ಯವೆಂದು ಭಾವಿಸುತ್ತೇನೆ, ಏಕೆಂದರೆ ಇಲ್ಲಿ ತಿಳಿಯದೆ ತಲೆಯಾಡಿಸಿದರೆ ಅದರ ಪರಿಣಾಮ ರೋಗಿಯ ಮೇಲಾಗುತ್ತದೆ. ‘ಎ ಸೆಟ್ ಆಫ್ ಆಬ್ಸ್’ ಎಂದರೆ ನಾಡಿ, ರಕ್ತದೊತ್ತಡ, ಉಸಿರಾಟ, ಜ್ವರ, ಆಮ್ಲಜನಕದ ಪ್ರಮಾಣ ಮುಂತಾದವನ್ನು ಒಟ್ಟಿಗೆ ಒಂದು ಸಲ ಅಳೆದು ಬರೆಯುವುದು. ‘ಗಿವಿಂಗ್ ಸೆಟ್’ ಎಂದರೆ ನಾವು ಊರಿನಲ್ಲಿ ಐವಿ ಸೆಟ್ ಎಂದು ಕರೆಯುವ ಡ್ರಿಪ್ಪಿನ ಕೊಳವೆ; ಈ ಹೆಸರು ನಮ್ಮ ಕಡೆ ಅಷ್ಟಾಗಿ ಕೇಳಿಬರುವುದಿಲ್ಲ. ಇವುಗಳ ನಡುವೆ ‘ಸ್ಯಾಟ್ಸ್’ ಎಂಬ ಮಾತು ಬರುತ್ತದೆ. ಅದು ‘ಸೆಟ್ಸ್’ ಅಲ್ಲ, ರಕ್ತದಲ್ಲಿ ಆಮ್ಲಜನಕದ ಸ್ಯಾಚುರೇಷನ್ನಿಗೆ ಇಟ್ಟ ಚುಟುಕು ಹೆಸರು. ಕನ್ನಡದಲ್ಲಿ ಎಕಾರ ಮತ್ತು ಆ್ಯಕಾರಗಳ ಭೇದಕ್ಕೆ ಅಕ್ಷರಮಾಲೆಯ ಬೆಂಬಲವಿಲ್ಲದ್ದರಿಂದ ನಮ್ಮ ಕಿವಿಗೆ ಇವೆರಡೂ ಒಂದೇ ಎನ್ನಿಸಬಹುದು. ಅವಸರದ ಮಾತಿನಲ್ಲಿ ಸಂಶಯ ಬಂದರೆ, ಕೇಳಿಸಿದ್ದನ್ನು ನಿಮ್ಮ ಮಾತಿನಲ್ಲಿ ಮರಳಿ ಹೇಳಿ ಖಚಿತಪಡಿಸಿಕೊಳ್ಳಿ. ಅದನ್ನು ಇಲ್ಲಿ ಯಾರೂ ಅಜ್ಞಾನವೆಂದು ಎಣಿಸುವುದಿಲ್ಲ, ಒಳ್ಳೆಯ ಪದ್ಧತಿಯೆಂದೇ ಕಾಣುತ್ತಾರೆ.

ಗುಂಪು, ಜೊತೆ, ಕಟ್ಟು ಎಂಬರ್ಥದ ಈ ‘ಸೆಟ್’ ಕೂರಿಸುವ ‘ಸೆಟ್’ನಿಂದ ಪೂರ್ತಿಯಾಗಿ ಬಂದದ್ದಲ್ಲ. ಅದರ ಹಿಂದೆ ಹಳೆಯ ಫ್ರೆಂಚಿನ ಮೂಲಕ ಬಂದ ಲ್ಯಾಟಿನ್ನಿನ ‘ಸೆಕ್ತಾ’ ಎಂಬ, ಅನುಯಾಯಿಗಳ ಗುಂಪನ್ನು ಸೂಚಿಸುವ ಪದವಿದೆ. ಕಾಲಕ್ರಮದಲ್ಲಿ ಎರಡು ಹೊಳೆಗಳು ಕೂಡಿದಂತೆ ಇವೂ ಕೂಡಿಕೊಂಡವು. ಟೆನಿಸಿನ ಸೆಟ್, ಬೀಗದ ಕೈಗಳ ಸೆಟ್, ಗಣಿತದ ಗಣ, ನಮ್ಮ ಹೋಟೆಲುಗಳ ಸೆಟ್ ದೋಸೆ ಎಲ್ಲವೂ ಈ ಕಡೆಯವು. ಮಕ್ಕಳನ್ನು ಕರೆತರುವ ಆಲೋಚನೆ ಇದೆಯೆಂದು ಬರೆದಿದ್ದೀರಿ, ಆದ್ದರಿಂದ ಇದನ್ನೂ ತಿಳಿದಿರಿ: ಇಂಗ್ಲೆಂಡಿನ ಅನೇಕ ಪ್ರೌಢಶಾಲೆಗಳಲ್ಲಿ ಗಣಿತದಂಥ ವಿಷಯಗಳಿಗೆ ಮಕ್ಕಳನ್ನು ಅವರ ಸಾಧನೆಗೆ ತಕ್ಕಂತೆ ಬೇರೆ ಬೇರೆ ‘ಸೆಟ್’ಗಳಲ್ಲಿ ಕಲಿಸುತ್ತಾರೆ. ಹೊಸದಾಗಿ ಬಂದ ಮಗುವನ್ನು ಇಂಗ್ಲಿಷಿನ ಅಳುಕನ್ನು ನೋಡಿ ಕೆಳಗಿನ ಸೆಟ್ಟಿಗೆ ಹಾಕಿದರೆ, ಮಗುವಿನ ಗಣಿತ ಹೇಗಿದೆ ಎಂದು ಪರೀಕ್ಷಿಸುವಂತೆ ತಂದೆತಾಯಿಯರು ವಿನಯದಿಂದ ಕೇಳಬಹುದು, ಕೇಳಬೇಕು. ಊರಿನ ಶಾಲೆಯ ಅಂಕಪಟ್ಟಿಗಳನ್ನು ಜೊತೆಗೆ ತನ್ನಿ.

ಸಮಾನಾರ್ಥಕಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾದದ್ದು. ಪೀಟರ್ ಮಾರ್ಕ್ ರೊಜೆ 1852ರಲ್ಲಿ ಪ್ರಕಟಿಸಿದ ಥಿಸಾರಸ್ ಪದಗಳನ್ನು ಅರ್ಥದ ವರ್ಗಗಳಾಗಿ ಜೋಡಿಸಿದ ದೊಡ್ಡ ಕೆಲಸ. ವೈದ್ಯರೂ ಆಗಿದ್ದ ಅವರು ಮನಸ್ಸಿನಲ್ಲಿ ಅರ್ಥವಿದ್ದು ಪದ ಹೊಳೆಯದವರಿಗೆ ನೆರವಾಗಲೆಂದು ಅದನ್ನು ರಚಿಸಿದರು, ಒಂದರ ಬದಲಿಗೆ ಇನ್ನೊಂದನ್ನು ಹಾಕಿದರೂ ನಡೆಯುತ್ತದೆ ಎಂದು ಹೇಳಲು ಅಲ್ಲ. ಪುಟ್, ಪ್ಲೇಸ್, ಲೇ, ಸೆಟ್ ಎಂಬ ನಾಲ್ಕನ್ನೂ ಪಟ್ಟಿ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಮಾತಿನಲ್ಲಿ ಮೊದಲನೆಯದು ಎಲ್ಲರ ಬಾಯಲ್ಲೂ ಬರುವ ಸಾಮಾನ್ಯ ಪದ, ಎರಡನೆಯದು ಸೂಚನಾ ಫಲಕದ ಭಾಷೆ, ಮೂರನೆಯದು ಅಡ್ಡಲಾಗಿ ಮಲಗಿಸುವುದು, ‘ಸೆಟ್’ ಎಂಬುದರಲ್ಲಿ ಅದರ ಜಾಗದಲ್ಲಿ ಸರಿಯಾಗಿ ಇರಿಸುವ ಎಚ್ಚರವಿದೆ. ಊಟದ ಮೇಜಿಗೆ ಮಾತ್ರ ಬ್ರಿಟನ್ನಿನಲ್ಲಿ ‘ಲೇ’ ಮತ್ತು ‘ಸೆಟ್’ ಎರಡೂ ನಡೆಯುತ್ತವೆ. ನಮ್ಮಲ್ಲಿ ಹಾಕು, ಇಡು, ಇರಿಸು, ನೆಡು, ಸ್ಥಾಪಿಸು ಎಂಬಿವುಗಳ ನಡುವಿನ ಅಂತರವನ್ನು ಯಾರೂ ಹೇಳಿಕೊಡದೆಯೇ ನೀವು ಕಲಿತಿದ್ದೀರಿ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ಶಾಲೆಯಲ್ಲಿ ಕನ್ನಡ, ತೋಟದ ಲೈನ್ ಮನೆಗಳ ಕಡೆಯಿಂದ ಕೇಳುವ ತಮಿಳು, ಮಲಯಾಳಂ, ಹೀಗೆ ಸನ್ನಿವೇಶಕ್ಕೆ ತಕ್ಕಂತೆ ಮಾತು ಬದಲಿಸುವ ಅಭ್ಯಾಸ ಕೊಡಗಿನವರಿಗೆ ಚಿಕ್ಕಂದಿನಿಂದಲೇ ಇದೆ, ಮತ್ತು ಇಲ್ಲಿ ಬೇಕಾದದ್ದು ಆ ಅಭ್ಯಾಸವೇ.

ನಾವು ಕನ್ನಡದೊಳಗೆ ತಂದುಕೊಂಡಿರುವ ‘ಸೆಟ್ ಆಗು’ ಎಂಬುದನ್ನು ಮಾತ್ರ ಇಂಗ್ಲಿಷಿಗೆ ಮರಳಿ ಒಯ್ಯಬೇಡಿ. ಇಬ್ಬರಿಗೆ ಸೆಟ್ ಆಗಲಿಲ್ಲ, ಈ ಬಣ್ಣ ನಿನಗೆ ಸೆಟ್ ಆಗುತ್ತದೆ, ಊಟ ಸೆಟ್ ಆಗಲಿಲ್ಲ ಎಂದು ಹೇಳುವುದು ನಮ್ಮ ಕನ್ನಡದ ಸೃಷ್ಟಿ, ಅದು ನಮ್ಮೊಳಗೆ ಚೆನ್ನಾಗಿಯೇ ಇದೆ. ಇಂಗ್ಲಿಷಿನಲ್ಲಿ ಹೊಂದಾಣಿಕೆಗೆ ‘ಗೆಟ್ ಆನ್’, ಬಣ್ಣಕ್ಕೆ ‘ಸೂಟ್’, ಊಟಕ್ಕೆ ‘ಅಗ್ರೀ’ ಎಂಬ ಪದಗಳಿವೆ. ಹಾಗೆಯೇ ‘ಸೆಟಲ್’ ಎಂಬುದು ಕೂರುವ ಆಸನದಿಂದಲೇ ಹುಟ್ಟಿದ, ಇದೇ ಬೇರಿನ ಪದ. ಊರಿನಲ್ಲಿ ಅದಕ್ಕೆ ಕೆಲಸ, ಮನೆ, ಮದುವೆ ಎಂಬ ಅರ್ಥವಿದ್ದರೆ ಇಲ್ಲಿಯ ವಲಸೆ ಕಾಗದಪತ್ರಗಳಲ್ಲಿ ‘ಸೆಟಲ್‌ಮೆಂಟ್’ ಎಂಬುದಕ್ಕೆ ಕಾಲಮಿತಿಯಿಲ್ಲದೆ ಇರುವ ಅನುಮತಿ ಎಂಬ ನಿರ್ದಿಷ್ಟ ಕಾನೂನಿನ ಅರ್ಥವಿದೆ. ಅರ್ಜಿ ತುಂಬುವಾಗ ಈ ಎರಡನ್ನು ಬೆರೆಸಬೇಡಿ.

ದಪ್ಪನೆಯ ನಿಘಂಟನ್ನು ಸಾಮಾನಿನಲ್ಲಿ ತುಂಬಿಕೊಂಡು ಬರುವ ಅಗತ್ಯವಿಲ್ಲ. ನೀವು ಇಳಿಯುವ ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಮೊದಲ ವಾರವೇ ಸದಸ್ಯರಾಗಿ; ಶುಲ್ಕವಿಲ್ಲ, ಮತ್ತು ಹಲವು ಗ್ರಂಥಾಲಯಗಳು ತಮ್ಮ ಸದಸ್ಯರಿಗೆ ಆಕ್ಸ್‌ಫರ್ಡ್ ನಿಘಂಟಿನ ಅಂತರ್ಜಾಲ ಆವೃತ್ತಿಯನ್ನು ಮನೆಯಿಂದಲೇ ನೋಡಲು ಬಿಡುತ್ತವೆ. ವಾರ್ಡಿನಲ್ಲಿ ಕೇಳಿದ ಒಂದೊಂದು ‘ಸೆಟ್’ ವಾಕ್ಯವನ್ನೂ ಆ ದಿನವೇ ಪೂರ್ತಿಯಾಗಿ ಬರೆದುಕೊಂಡು, ರಾತ್ರಿ ಅಲ್ಲಿ ಹುಡುಕಿ ನೋಡಿ.